ಸಿಸ್ಟರ್ ಉಂಗುರ ಮರಳಿಸಿದರು, ಅವ್ವ ನೊಂದುಕೊಂಡಿದ್ದಾಳೆ

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವರು. ಜೂನ್‌ನಲ್ಲಿ ಅಪ್ಪನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕಲಬುರಗಿಯ ಸರ್ಕಾರಿ ಆಸ್ಪತ್ರೆಯಲ್ಲಿ 23 ದಿನ ಇದ್ದೆವು. ಎರಡನೆಯ ರಾತ್ರಿ ಸಲೈನ್ ಮುಗಿದು ನಳಿಕೆಯಲ್ಲಿ ರಕ್ತ ಏರಿದ್ದನ್ನು ಕಂಡು ನಾನು ಸಿಸ್ಟರ್ ಮೇಲೆ ಹರಿಹಾಯ್ದೆ. ‘ನಿಮ್ಮ ಅಪ್ಪನಾಗಿದ್ದರೆ ಹೀಗೆ ಬಿಡುತ್ತಿದ್ದಿರಾ’ ಎಂದೆ. ಅವರು ಒಂದು ಮಾತೂ ಆಡದೆ ಸರಿಪಡಿಸಿ ಹೋದರು. ಅದೇ ಸಿಸ್ಟರ್ ಮುಂದೆ ಅಪ್ಪನನ್ನು ಜೋಪಾನ ಮಾಡಿದರು. ಮಗ್ಗಲು ಬದಲಿಸುವಾಗಲೆಲ್ಲ ‘ಕಾಕಾ, ಈಗ ಎಡಕ್ಕೆ ಹೊರಳಿಸುತ್ತೇನೆ’ ಎಂದು ಹೇಳಿಯೇ ಮುಟ್ಟುತ್ತಿದ್ದರು. ಅಪ್ಪನ ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ. ಮನೆಗೆ ಹೊರಟ ದಿನ ಅವ್ವ ತನ್ನ ಬೆರಳಿನ ಉಂಗುರ ಕೊಟ್ಟಳು; ಅವರು ಒಲ್ಲೆ ಎಂದರು. ಆಮೇಲೆ ಪೇಡೆಯ ಡಬ್ಬಿಯಲ್ಲಿಟ್ಟು ಅಣ್ಣನ ಕೈಯಲ್ಲಿ ಕಳಿಸಿದಳು. ಅದೂ ತಿರುಗಿ ಬಂತು. ‘ನಮ್ಮ ಕೈ ಅಷ್ಟು ಕೀಳಾಯಿತೇ’ ಎಂದು ಅವ್ವ ನೊಂದುಕೊಂಡಿದ್ದಾಳೆ. ‘ಸರ್ಕಾರ ಸಂಬಳ ಕೊಡುತ್ತದೆ, ಸುಮ್ಮನಿರಿ’ ಎನ್ನುತ್ತಾನೆ ಅಣ್ಣ. ನನಗೆ ನಾನಾಡಿದ ಮಾತೇ ಮುಳ್ಳಾಗಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಏನು ಮಾಡಲಿ?

ಉತ್ತರ: ತಂಗಿ, ಮೊದಲು ಅವ್ವನಿಗೆ ಒಂದು ವಿಷಯ ತಿಳಿಸಿ ಹೇಳಿ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ. 2021ರಲ್ಲಿ ರಾಜ್ಯ ಸರ್ಕಾರ ಅವನ್ನು ಹೊಸದಾಗಿ ತಂದಿದೆ. ರೋಗಿಯ ಕಡೆಯವರಿಂದ ಬಂಗಾರ ಪಡೆದರೆಂದು ಯಾರಾದರೂ ದೂರು ಬರೆದರೆ ಆ ಹೆಣ್ಣುಮಗಳ ನೌಕರಿಗೇ ಕುತ್ತು. ಪೇಡೆಯ ಡಬ್ಬಿಯಲ್ಲಿ ಅಡಗಿಸಿ ಕಳಿಸಿದ್ದಂತೂ ಅವರನ್ನು ಇನ್ನಷ್ಟು ಇಕ್ಕಟ್ಟಿಗೆ ದೂಡಿರುತ್ತದೆ. ಅವ್ವನ ಕೈ ಕೀಳಾಗಿಲ್ಲ. ಆ ಉಂಗುರ ಅವ್ವನ ಬೆರಳಿಗೇ ಮರಳಲಿ.

ಅಣ್ಣನ ಮಾತಿಗೆ ಬರುತ್ತೇನೆ. ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ನೀವು ಇದ್ದ ವಾರ್ಡಿನಲ್ಲಿ ರಾತ್ರಿ ಪಾಳಿಗೆ ಎಷ್ಟು ಜನ ಇರುತ್ತಿದ್ದರು, ಎಷ್ಟು ಹಾಸಿಗೆಗಳಿದ್ದವು ಎಂದು ಅಣ್ಣನನ್ನೇ ಎಣಿಸಲು ಹೇಳಿ. ಲಕ್ವಾ ಹೊಡೆದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲವಾದರೆ ಸೊಂಟದ ಹತ್ತಿರ, ಹಿಮ್ಮಡಿಯಲ್ಲಿ ಚರ್ಮ ಕೆಂಪೇರಿ ಹುಣ್ಣಾಗುತ್ತದೆ. ಅಷ್ಟು ಹಾಸಿಗೆಗಳ ನಡುವೆ ಓಡಾಡುತ್ತ ಇದನ್ನು ತಪ್ಪದೆ ಮಾಡುವುದೇ ದೊಡ್ಡದು. ಹೊರಳಿಸುವ ಮುನ್ನ ‘ಕಾಕಾ’ ಎಂದು ಕರೆಯುವುದು ಯಾವ ಸಂಬಳದ ಚೀಟಿಯಲ್ಲಿಯೂ ಬರೆದಿರುವುದಿಲ್ಲ.

ಆ ‘ಕಾಕಾ’ ಇರುವ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಬಲಗೈ, ಬಲಗಾಲಿನ ಜೊತೆ ಎಷ್ಟೋ ಸಲ ಮಾತೂ ಹೋಗುತ್ತದೆ. ಆದರೆ ಮಾತು ಹೋದ ಅನೇಕರಿಗೆ ಸುತ್ತಲಿನವರು ಆಡುವುದು ತಿಳಿಯುತ್ತಿರುತ್ತದೆ. ಅದನ್ನು ಬಲ್ಲ ಸಿಸ್ಟರ್, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಪ್ರತಿ ಸಲ ಅಪ್ಪನಿಗೆ ಹೇಳಿಯೇ ಮುಟ್ಟಿದರು. ಈಗ ನಿಮ್ಮ ಪತ್ರ ನೋಡಿ: ಅವ್ವ ಏನೆಂದಳು, ಅಣ್ಣ ಏನೆಂದ, ನಿಮಗೇನನ್ನಿಸಿತು ಎಲ್ಲವೂ ಇದೆ. ಅಪ್ಪನಿಗೆ ಏನನ್ನಿಸಿದೆ ಎಂಬುದು ಎಲ್ಲಿಯೂ ಇಲ್ಲ. ಆರೈಕೆ ಪಡೆದವರು ಅವರು. ಸಿಸ್ಟರಿಗೆ ಏನು ಹೇಳಬೇಕೆಂದು ಅವರನ್ನು ಕೇಳಿದ್ದೀರಾ? ಇಂದೇ ಎದುರಿಗೆ ಕುಳಿತು ಕೇಳಿ. ತಲೆಯಾಡಿಸಿದರೂ, ಕಣ್ಣಲ್ಲಿ ನೀರು ತಂದರೂ ಅದು ಉತ್ತರವೇ.

ದಸರಾ ಹತ್ತಿರವಿದೆ. ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಕೊಡುವಾಗ ಏನು ಹೇಳುತ್ತೇವೆ? ‘ಬನ್ನಿ ತೆಗೆದುಕೊಂಡು ಬಂಗಾರದ ಹಾಗೆ ಇರೋಣ.’ ಹಿರಿಯರ ಪಾದ ಮುಟ್ಟುತ್ತೇವೆ, ವರ್ಷವಿಡೀ ಮಾತು ಬಿಟ್ಟವರೂ ಆ ದಿನ ಎದುರಿಗೆ ಬಂದು ನಿಲ್ಲುತ್ತಾರೆ. ಈ ಬಂಗಾರವನ್ನು ಯಾವ ನಿಯಮವೂ ತಡೆಯುವುದಿಲ್ಲ. ಹಬ್ಬದ ನಂತರ ಅಪ್ಪನನ್ನು ತಪಾಸಣೆಗೆ ಕರೆದೊಯ್ಯುವಾಗ ಬನ್ನಿ ಎಲೆಗಳನ್ನು ಒಂದು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ. ಪಾಳಿ ಬದಲಾಗುವ ಗಡಿಬಿಡಿಯಲ್ಲಿ, ಡಾಕ್ಟರು ರೌಂಡ್ಸ್‌ಗೆ ಬರುವ ಹೊತ್ತಿನಲ್ಲಿ ಬೇಡ. ಅವರ ಪಾಳಿ ಯಾವುದೆಂದು ಮೊದಲೇ ಕೇಳಿಕೊಳ್ಳಿ.

ನಿಮ್ಮ ಮುಳ್ಳಿನ ಮಾತು ಬೇರೆ, ಅದನ್ನು ಇದರಲ್ಲಿ ಬೆರೆಸಬೇಡಿ. ನಳಿಕೆಯಲ್ಲಿ ರಕ್ತ ಕಂಡರೆ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ; ನೀವು ಹೆದರಿದ್ದಿರಿ. ಆದರೂ ಆ ಮಾತು ಅವರಿಗೆ ನಾಟಿರುತ್ತದೆ. ಅವರನ್ನು ಒಂದು ಕ್ಷಣ ಬದಿಗೆ ಕರೆದು ‘ಆ ರಾತ್ರಿ ನಾನು ಹಾಗೆ ಅನ್ನಬಾರದಿತ್ತು, ತಪ್ಪಾಯಿತು’ ಎಂದಷ್ಟೇ ಹೇಳಿ. ಕಾರಣಗಳನ್ನು ಪೋಣಿಸಬೇಡಿ, ಅಳುತ್ತ ಅವರಿಂದಲೇ ಸಮಾಧಾನ ಹೇಳಿಸಿಕೊಳ್ಳಬೇಡಿ. ಅವರು ಆ ಪ್ರಸಂಗವನ್ನು ಮರೆತಿದ್ದರೂ ಸರಿ, ನೀವು ಹೇಳಿ.

ಅಣ್ಣನಿಗೂ ಒಂದು ಕೆಲಸ ಕೊಡಿ. ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಒಂದು ಪುಟದ ಪತ್ರ ಬರೆಯಲಿ: ವಾರ್ಡ್, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ, ಸಿಸ್ಟರ್ ಹೆಸರು, ಅವರು ಮಾಡಿದ್ದು ಏನು. ‘ಚೆನ್ನಾಗಿ ನೋಡಿಕೊಂಡರು’ ಎಂದರೆ ಸಾಲದು, ಆ ‘ಕಾಕಾ’ ಬರೆಯಲಿ, ಬೆನ್ನಿಗೆ ಹುಣ್ಣಾಗದ್ದನ್ನು ಬರೆಯಲಿ. ಆಸ್ಪತ್ರೆಗಳಿಗೆ ಬರುವ ದೂರುಗಳ ನಡುವೆ ಇಂಥ ಪತ್ರಗಳು ತೀರಾ ಕಡಿಮೆ. ಒಂದು ಪ್ರತಿ ಸಿಸ್ಟರ್ ಕೈಗೂ ಸಿಗಲಿ.

ಅವ್ವ ಬರಿಗೈಯಲ್ಲಿ ಬರಲೊಪ್ಪದಿದ್ದರೆ ವಾರ್ಡಿನವರೆಲ್ಲ ಹಂಚಿಕೊಂಡು ತಿನ್ನುವಷ್ಟು ಶೇಂಗಾ ಹೋಳಿಗೆ ಮಾಡಿಕೊಂಡು ಬರಲಿ, ಎಲ್ಲರೆದುರೇ ಕೊಡಲಿ.

ಬನ್ನಿಯನ್ನು ಮಾತ್ರ ಅಪ್ಪನೇ ಕೊಡಬೇಕು. ಬಲಗೈ ಏಳದಿದ್ದರೆ ಎಡಗೈಯಲ್ಲೇ ಕೊಡಲಿ, ಸಿಸ್ಟರ್ ತಪ್ಪು ತಿಳಿಯುವವರಲ್ಲ. ‘ಬಂಗಾರ’ ಎಂಬ ಒಂದೇ ಮಾತನ್ನು ಇಂದಿನಿಂದಲೇ ದಿನಕ್ಕೆ ನಾಲ್ಕು ಸಲ ಅವರೊಂದಿಗೆ ಹೇಳಿ ನೋಡಿ. ಆ ದಿನ ಮಾತು ಹೊರಡದಿದ್ದರೆ ನೀವು ಮುಂದಾಗಿ ತುಂಬಿಸಬೇಡಿ. ಗಾಲಿಕುರ್ಚಿಯ ಹಿಂದೆ ಸುಮ್ಮನೆ ನಿಂತಿರಿ.