ದೀಪ–ಪ್ರಶ್ನೋತ್ತರ: ಮಾತೆಯ ಗವಿಗೆ ಎಷ್ಟು ವ್ಯಾಟ್?

ಪ್ರಶ್ನೆ: ನಮ್ಮ ಚರ್ಚಿನ ಹಿಂದೆ ಬೇವಿನ ಮರಗಳ ನಡುವೆ ಪ್ರಾರ್ಥನಾ ತೋಟ ಮಾಡಿದ್ದೇವೆ. ಲೂರ್ದು ಮಾತೆಯ (ಮೇರಿ ಮಾತೆಯ) ಗವಿ, ಸುತ್ತ ಯೇಸುವಿನ ಯಾತನೆಯನ್ನು ನೆನೆಯುತ್ತ ನಡೆಯುವ ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳು. ದಾನಿಯೊಬ್ಬರು ನೂರು ವ್ಯಾಟಿನ ಮೂರು ಫ್ಲಡ್‌ಲೈಟ್ ಕೊಟ್ಟರು. ಹಾಕಿದ ಮೇಲೆ ತೋಟ ಕ್ರಿಕೆಟ್ ಮೈದಾನದಂತೆ ಕಾಣುತ್ತಿದೆ. ಅಕ್ಟೋಬರ್‌ನಲ್ಲಿ ಜಪಸರದ (ರೋಸರಿ) ಪ್ರಾರ್ಥನೆಗೆ ಕುಳಿತವರನ್ನು ಹುಳುಗಳು ಮುತ್ತುತ್ತವೆ. ಏನು ಮಾಡಬೇಕು?
– ಒಬ್ಬ ಓದುಗರು, ಸಿಂಧನೂರು

ಉತ್ತರ: ಮೊದಲು ಆ ಮೂರನ್ನೂ ಆರಿಸಿ, ಕಣ್ಣು ಕತ್ತಲಿಗೆ ಹೊಂದುವವರೆಗೆ ಸುಮ್ಮನೆ ಕುಳಿತುಕೊಳ್ಳಿ. ಎಷ್ಟು ಕಡಿಮೆ ಬೆಳಕು ಸಾಕು ಎಂಬುದು ಆಗ ನಿಮಗೇ ತಿಳಿಯುತ್ತದೆ. ಬಳ್ಳಾರಿಯಲ್ಲಿ ಮದುವೆ ಮಂಟಪಕ್ಕೂ ಜಾತ್ರೆಗೂ ಚರ್ಚಿನ ಹಬ್ಬಕ್ಕೂ ದೀಪ ಕಟ್ಟಿದವನು ನಾನು. ಹಬ್ಬದ ಝಗಮಗದ ಮೇಲೆ ನನಗೆ ಕೋಪವಿಲ್ಲ. ಆದರೆ ಹಬ್ಬ ಮುಗಿದ ಮರುದಿನ ಬಣ್ಣದ ಸೀರಿಯಲ್ ಸೆಟ್ ಕೆಳಗಿಳಿಯಬೇಕು.

ಹುಳುಗಳ ಕಾರಣ ನಿಮ್ಮ ಕಾಲುವೆ ಬಯಲಿನಲ್ಲೇ ಇದೆ. ಜಪಸರದ ತಿಂಗಳು ಬರುವ ಹೊತ್ತಿಗೆ ಮುಂಗಾರು ಭತ್ತ ತೆನೆಗೆ ಬಂದಿರುತ್ತದೆ, ಗದ್ದೆಯ ಜಿಗಿಹುಳು ದೀಪ ಹುಡುಕಿ ಹಾರುತ್ತದೆ. ನೀಲಿಯ ಅಂಶ ಹೆಚ್ಚಿರುವ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ದೀಪ ಅದಕ್ಕೆ ಹೆಚ್ಚು ಪ್ರಿಯ. 2700ರಿಂದ 3000 ಕೆಲ್ವಿನ್‌ನ ವಾರ್ಮ್ ವೈಟ್ ಹಾಕಿದರೆ ಕಾಟ ತಗ್ಗುತ್ತದೆ. ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ.

ಗವಿಯ ವಿಷಯಕ್ಕೆ ಬರೋಣ. ಪ್ರತಿಮೆಯ ಪಾದದಡಿಯಿಂದ ಮೇಲಕ್ಕೆ ದೀಪ ಬಿಡುವ ಚಟ ಎಲ್ಲೆಡೆ ಇದೆ. ಮೂಗಿನ ನೆರಳು ಹಣೆಗೆ ಏರಿ ಮಾತೆಯ ಮುಖ ಬೆದರಿಸುವಂತಾಗುತ್ತದೆ. ಗವಿಯ ಬಾಯಂಚಿನ ಮೇಲ್ಭಾಗದಲ್ಲಿ, ಎಡಬಲಕ್ಕೆ ಏಳೇಳು ವ್ಯಾಟಿನ ಎರಡು ಸ್ಪಾಟ್ ಮರೆಮಾಡಿ ಕೂರಿಸಿ. ಒಂದನ್ನು ತುಸು ಮಂಕು ಮಾಡಿ, ಮುಖಕ್ಕೆ ಆಳ ಬರುತ್ತದೆ. ಸಿಆರ್‌ಐ, ಅಂದರೆ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ, 90 ಇರುವುದನ್ನೇ ಕೇಳಿ ಕೊಳ್ಳಿ. ಲೂರ್ದು ಮಾತೆಯ ನೀಲಿ ನಡುಪಟ್ಟಿ, ಪಾದದ ಮೇಲಿನ ಹಳದಿ ಗುಲಾಬಿ ಅಗ್ಗದ ದೀಪದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತವೆ. ಗವಿಯ ಎದುರಿನ ಮೇಣದಬತ್ತಿ ಕಟ್ಟೆಗೆ ವಿದ್ಯುತ್ ದೀಪವೇ ಬೇಡ. ಹರಕೆ ಹೊತ್ತು ಹಚ್ಚಿದ ಬತ್ತಿ ಉರಿಯುವುದು ಹಚ್ಚಿದವರಿಗೆ ಕಾಣಬೇಡವೇ?

ಶಿಲುಬೆಹಾದಿಗೆ ಸ್ಥಳಕ್ಕೊಂದರಂತೆ ಮೂರು ವ್ಯಾಟ್ ಸಾಕು, ದೀಪಕ್ಕೆ ಮೇಲೊಂದು ಮುಚ್ಚಿಗೆ ಇರಲಿ. ನಿಂತು ನೋಡಿ ಸರಿಯಾಗಿದೆ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾನೆ, ನಂಬಬೇಡಿ. ಮೊಣಕಾಲೂರಿ ನೋಡಿ, ಕಣ್ಣಿಗೆ ಚುಚ್ಚಿದರೆ ದೀಪದ ಮೂತಿ ತಿರುಗಿಸಿ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ ಸಂಜೆ ವಯಸ್ಸಾದವರೂ ಬರುತ್ತಾರೆ, ಹಾಗಾಗಿ ಮೆಟ್ಟಿಲಿರುವಲ್ಲೆಲ್ಲ ಮೊಣಕಾಲೆತ್ತರದ ದೀಪ ಬೇಕು. ಅಂಥವು ಮೂರು ವ್ಯಾಟಿನವು ಹತ್ತು ಎಂದುಕೊಂಡರೂ ಒಟ್ಟು 86 ವ್ಯಾಟ್. ಈಗ ಉರಿಸುತ್ತಿರುವುದು 300. ಕರೆಂಟ್ ಹೋದರೆ ಸಣ್ಣ ಇನ್ವರ್ಟರ್ ಇಷ್ಟನ್ನು ಹೊರುತ್ತದೆ.

ಗಿಡಕ್ಕೆ ಪೈಪಿನಲ್ಲಿ ನೀರು ಬಿಡುವ ಜಾಗ, ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗ. 230 ವೋಲ್ಟ್ ತೋಟದೊಳಗೆ ಬರುವುದೇ ಬೇಡ, 24 ವೋಲ್ಟಿನಲ್ಲಿ ಮುಗಿಸಿ. 12 ಆದರೆ ಇಷ್ಟೇ ದೀಪಕ್ಕೆ ಏಳು ಆಂಪಿಯರ್ ಹರಿಯಬೇಕು. ತಂತಿಯಲ್ಲೇ ವೋಲ್ಟೇಜ್ ಸೋರಿ, ಒಂದನೆಯ ಸ್ಥಳ ಬೆಳಗಿದರೂ ಹದಿನಾಲ್ಕನೆಯದು ಮಂಕಾಗುತ್ತದೆ. 230 ವೋಲ್ಟನ್ನು 24ಕ್ಕೆ ಇಳಿಸುವ ಡ್ರೈವರ್ ಪೆಟ್ಟಿಗೆಯನ್ನು ಹಾದಿಯ ನಡುಭಾಗಕ್ಕೆ ಹತ್ತಿರದ ಗೋಡೆಗೆ ಹಾಕಿಸಿ ಎರಡು ಕಡೆಗೂ ಬೇರೆ ಬೇರೆ ತಂತಿ ಎಳೆಸಿ. ಮುಖ್ಯ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಕಡ್ಡಾಯ. ಹೊರಗಿನ ದೀಪ ಐಪಿ (ನೀರು, ಧೂಳು ತಡೆಯುವ ದರ್ಜೆ) 65, ನೆಲದಲ್ಲಿ ಹೂಳುವುದಾದರೆ ಐಪಿ 67.

ದಾನಿಗೆ ಬೇಸರವಾದೀತೆಂಬ ಚಿಂತೆ ನಿಮ್ಮ ಫಾದರ್‌ಗೆ ಇರುತ್ತದೆ. ಒಂದು ಫ್ಲಡ್‌ಲೈಟನ್ನು ವಾಹನ ನಿಲ್ಲಿಸುವ ಕಡೆ ನೆಲಕ್ಕೆ ಮುಖ ಮಾಡಿ ಹಾಕಿಸಿ, ಇನ್ನೊಂದನ್ನು ಗೇಟಿಗೆ. ಮೂರನೆಯದು ಹಬ್ಬದ ದಿನ ಅಡುಗೆ ಪೆಂಡಾಲಿಗೆ ಬೇಕಾಗುತ್ತದೆ, ಎತ್ತಿಡಿ.