ವೇಗದ ಹುಡುಗ ಮೊದಲು ಜಾರಲಿ

ನೀವು ಬರೆಯುತ್ತಿರುವ ಕತೆಯಲ್ಲಿ ಕಾಸರಗೋಡಿನ ಕುಂಬಳೆಯ ಹತ್ತನೇ ಕ್ಲಾಸಿನ ಹುಡುಗನಿಗೆ ಗಂಟೆಗೆ 180 ಕಿಲೋಮೀಟರ್ ಓಡುವ ಶಕ್ತಿ ಬರುತ್ತದೆ, ಎರಡನೇ ಅಧ್ಯಾಯದಲ್ಲೇ ಬ್ಯಾಂಕ್ ದೋಚುತ್ತಾನೆ, ಓದಿದವರು ನಂಬುತ್ತಿಲ್ಲ ಅಂದಿರಿ. ನಂಬುವುದಾದರೂ ಹೇಗೆ? ಹದಿನೈದರ ಹುಡುಗನಿಗೆ ಬ್ಯಾಂಕ್ ಯಾಕೆ ಬೇಕು!

ಭಸ್ಮಾಸುರನ ಪ್ರಸಂಗ ಯಕ್ಷಗಾನದ ಆಟದಲ್ಲಿ ನೋಡಿಯೇ ಇರುತ್ತೀರಿ. ವರ ಸಿಕ್ಕ ಕೂಡಲೇ ಅವನಿಗೆ ಬೇಕಾದದ್ದು ರಾಜ್ಯವಲ್ಲ, ನಿಜವೋ ಸುಳ್ಳೋ ಎಂದು ನೋಡಲು ಒಂದು ತಲೆ. ನಿಮ್ಮ ಹುಡುಗನದೂ ಅಷ್ಟೇ ಸಣ್ಣ ಆಸೆಯಾಗಲಿ: ಮಾಷ್ಟ್ರು ಕಿತ್ತಿಟ್ಟ ಗೆಳೆಯನ ಮೊಬೈಲನ್ನು ಸ್ಟಾಫ್ ರೂಮಿನಿಂದ ತಂದುಕೊಡುವುದು. ಗೆಳೆಯರು ನೋಡುತ್ತಿರಬೇಕು, ಈ ವಯಸ್ಸಿನವರು ಒಬ್ಬರೇ ಇದ್ದಾಗ ಮಾಡದ್ದನ್ನು ನಾಲ್ಕು ಜನರ ಮುಂದೆ ಮಾಡುತ್ತಾರೆ. ಮರುದಿನ ಪ್ಯೂನ್ ಬೈಸಿಕೊಳ್ಳಲಿ, ಇವನು ಬಾಯಿ ಬಿಡದಿರಲಿ. ಕತೆ ತಿರುಗುವುದು ಅಲ್ಲಿ, ಕಳ್ಳತನದಲ್ಲಲ್ಲ.

ಇನ್ನು ಲೆಕ್ಕ. 180 ಎಂದರೆ ಸೆಕೆಂಡಿಗೆ 50 ಮೀಟರ್. ಎದುರು ದನ ಕಂಡು ಕಾಲು ಎಚ್ಚೆತ್ತುಕೊಳ್ಳಲು 0.2 ಸೆಕೆಂಡ್ ಹಿಡಿದರೂ 10 ಮೀಟರ್ ಹೋಗಿಯಾಯಿತು. ಒದ್ದೆ ಡಾಮರಿನಲ್ಲಿ ಘರ್ಷಣೆ ಗುಣಾಂಕ, ಅಂದರೆ ನೆಲದ ಹಿಡಿತದ ಅಳತೆ, 0.5 ಎಂದಿಟ್ಟುಕೊಳ್ಳಿ, ನಿಲ್ಲಲು ಇನ್ನೂ ಸುಮಾರು 250 ಮೀಟರ್ ಬೇಕು. ಪಾಚಿ ಹಿಡಿದ ಮುರಕಲ್ಲಿನ ಮೇಲೆ ಕೇಳುವುದೇ ಬೇಡ. ಹವಾಯಿ ಚಪ್ಪಲಿಯ ಬಾರು ಮೊದಲ ಹೆಜ್ಜೆಗೇ ಕಿತ್ತುಬರುತ್ತದೆ, ಬರಿಗಾಲಾದರೆ ಅಂಗಾಲಿನ ಚರ್ಮ ಸುಲಿಯುತ್ತದೆ. ಚರ್ಮವೂ ಗಟ್ಟಿಯಾಯಿತು ಅಂತ ಬರೆಯಬೇಡಿ, ಆ ಗಾಯ ನಿಮಗೆ ಬೇಕು: ಪ್ಯೂನ್ ಬೈಸಿಕೊಳ್ಳುವ ಹೊತ್ತಿಗೆ ಇವನು ಕುಂಟುತ್ತಿರಲಿ, ಯಾರೋ ಒಬ್ಬರು ಅದನ್ನು ಗಮನಿಸಲಿ.

ಹಾಗಾಗಿ ಎರಡನೇ ಅಧ್ಯಾಯವನ್ನು ಜೂನ್‌ಗೆ ಒಯ್ಯಿರಿ. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಟ್ಟಿಗೇ ಆಗುತ್ತದೆ.