ನೆರಳಿನ ಎಲೆಗೇ ಹುಳು ಜಾಸ್ತಿ ಏಕೆ?
ನಿತ್ಯಹಸಿರು ಓಕ್ ಮರದಲ್ಲಿ ಬಿಸಿಲಿನ ಕಡೆಗಿಂತ ನೆರಳಿನ ಕಡೆ ಎಲೆಗಳನ್ನೇ ಕಂಬಳಿಹುಳು ಜಾಸ್ತಿ ತಿಂದಿವೆ, ಏಕೆ ಅಂತ ಕೇಳಿದ್ದೀರಿ. ಎರಡೂ ಕಡೆಯಿಂದ ಒಂದೊಂದು ಎಲೆ ಕಿತ್ತು ಬೆರಳಲ್ಲಿ ಮಡಚಿ ನೋಡಿ. ಬಿಸಿಲಿನದು ಚಿಕ್ಕದು, ದಪ್ಪ, ತೊಗಲಿನ ಹಾಗೆ ಗಡುಸು. ನೆರಳಿನದು ಅಗಲ, ತೆಳು. ಬಿಸಿಲಿನ ಎಲೆಯಲ್ಲಿ ಟ್ಯಾನಿನ್‌ನಂಥ ಒಗರು ಪದಾರ್ಥಗಳೂ ಸಾಮಾನ್ಯವಾಗಿ ಜಾಸ್ತಿ. ಅಗಿಯುವುದು ಕಷ್ಟ, ಅಗಿದರೂ ಮೈಗೆ ಹತ್ತುವುದು ಕಮ್ಮಿ.

ಆದರೆ ಬೆಚ್ಚಗಿದ್ದರೆ ಹುಳು ಬೇಗ ಬೆಳೆಯುತ್ತದೆ, ಬಿಸಿಲಿನಿಂದ ಆ ಲಾಭವೂ ಇದೆ ಅಲ್ವಾ? ಹಾಗಾಗಿ ಎಲ್ಲ ಮರದಲ್ಲೂ ಹೀಗೇ ಅನ್ನುವಂತಿಲ್ಲ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಸಂಗತಿ ಎಲೆಯ ವಯಸ್ಸು. ವಸಂತದ ಚಿಗುರು ಮೆತ್ತಗಿರುವುದು ಕೆಲವೇ ವಾರ. ಹಳೆ ಎಲೆ ಮರದಲ್ಲೇ ಇದ್ದರೂ ಎಳೆ ಹುಳುವಿಗೆ ಅದನ್ನು ಕಚ್ಚುವುದೇ ಕಷ್ಟ. ಮುಂದಿನ ಸಲ ಹುಳು ತಿಂದ ತೂತು ಎಣಿಸುವಾಗ ಚಿಗುರು, ಹಳೆಯದು ಬೇರೆ ಬೇರೆ ಬರೆದಿಡಿ.